ಎಲ್ಲರೂ ಓದಲೇಬೇಕಾದ ಪುಸ್ತಕ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಈ ಕಥೆ ಹೇಳುವ ಯೋಗ್ಯತೆ ಇರುವವರು ನಮ್ಮ ಚಿತ್ಪುರ ಬಡಾವಣೆಯಲ್ಲಿ ಇನ್ನೂ ಹತ್ತು ಮಂದಿ ಇದ್ದಾರೆ. ಅವರೆಲ್ಲ ಚೆಂಡು ಒದ್ದವರು, ಇಲ್ಲವೇ ಆ ದಿನ ಬೆಳಗ್ಗೆ ಡೇರೆಯೊಳಗೇ ಇದ್ದವರು. ಇಲ್ಲಿ ಹೇಳುತ್ತಿರುವವನಿಗೆ ಆ ಎರಡು ಭಾಗ್ಯವೂ ಇಲ್ಲ. ಆದರೆ ಆ ಹತ್ತು ಮಂದಿ ಇದನ್ನು ಹೇಳುವಾಗ ನಗುತ್ತಾರೆ. ನಗುವಂಥದ್ದು ಇದರಲ್ಲಿ ಇಲ್ಲವೆಂದಲ್ಲ. ಆದರೂ ಸುಬಲ ಧರ ಪಟ್ಟ ಪಾಡನ್ನು ನಗದೆ ಒಮ್ಮೆ ಹೇಳುವವರು ಬೇಕೆನ್ನಿಸಿ ಈ ಧೈರ್ಯ. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು.

ಸುಬಲ ಧರ ಪುಸ್ತಕ ಕಟ್ಟುವವನು. ಬೈಠಕ್‌ಖಾನಾ ಬಜಾರಿನ ಹಿಂದಿನ ಓಣಿಯಲ್ಲಿ, ಒಬ್ಬರು ಹೊರಗೆ ಬಂದರೆ ಮಾತ್ರ ಇನ್ನೊಬ್ಬರು ಒಳಗೆ ಹೋಗಬಹುದಾದ ಒಂದು ಕೋಣೆ ಅವನ ಬೈಂಡಿಂಗ್ ಅಂಗಡಿ. ಹಗಲೆಲ್ಲ ಹಾಳೆ ಮಡಿಸಿ, ಹೊಲಿದು, ಸಂಜೆ ಕೈಯ ಅಂಟು ತೊಳೆದು ರಾತ್ರಿ ಕಾಲೇಜಿಗೆ ಹೋಗಿ ಮೂರು ವರ್ಷದ ಬಿ.ಎ.ಯನ್ನು ಏಳು ವರ್ಷದಲ್ಲಿ ಮುಗಿಸಿದವನು. ಕಲಿತದ್ದು ಸಾಲದು ಎಂಬ ಭಯ ಐವತ್ತೊಂದನೆಯ ವಯಸ್ಸಿನಲ್ಲೂ ಅವನನ್ನು ಬಿಟ್ಟಿರಲಿಲ್ಲ.

ಅರುಣೋದಯ ಸಂಘದಲ್ಲಿ ಮಾತ್ರ ಅವನನ್ನು ಪಂಡಿತ ಎನ್ನುತ್ತಿದ್ದರು. ಅರುಣೋದಯವೆಂದರೆ ಊರ ನಡುವಿನ ದೊಡ್ಡ ಮೈದಾನದ ಸಣ್ಣ ಫುಟ್‌ಬಾಲ್ ಕ್ಲಬ್ಬು. ದೊಡ್ಡ ಕ್ಲಬ್ಬುಗಳ ಡೇರೆಗಳ ಬೆನ್ನಿಗೆ, ಟ್ರಾಮ್ ಹಳಿಯ ಪಕ್ಕದಲ್ಲಿ ಅದರದೂ ಒಂದು ಡೇರೆ. ಎದುರಿಗೆ ಒಂದಿಷ್ಟು ಹುಲ್ಲು, ಬದಿಯಲ್ಲಿ ಒಂದು ಕ್ಯಾಂಟೀನು. ಸುಬಲ ಒಂದು ದಿನವೂ ಆಡಿದವನಲ್ಲ. ಅಪ್ಪನ ಹೆಗಲ ಮೇಲೆ ಕೂತು ಆಟ ನೋಡಿದವನು, ಅಷ್ಟೆ. ಆದರೆ ಕ್ಲಬ್ಬಿನ ಬಗ್ಗೆ ಎಲ್ಲಿ ಒಂದು ಸಾಲು ಅಚ್ಚಾಗಿದ್ದರೂ ಅದು ಅವನ ಬಳಿ ಇರುತ್ತಿತ್ತು. ಮೊದಲ ಕ್ಯಾಪ್ಟನ್ ಯಾರು, ಜೆರ್ಸಿಗೆ ಹಳದಿ ಪಟ್ಟಿ ಬಂದದ್ದು ಯಾವಾಗ ಎಂದು ಜಗಳ ಎದ್ದರೆ, "ಸುಬಲನ್ನ ಕೇಳ್ರೋ" ಎಂದು ಯಾರಾದರೂ ಕೂಗುತ್ತಿದ್ದರು. ಆ ಒಂದು ಕೂಗಿಗಾಗಿ ಅವನು ಪ್ರತಿ ಭಾನುವಾರ ಟ್ರಾಮ್ ಹತ್ತಿ ಬರುತ್ತಿದ್ದ ಎಂದರೆ ಸುಳ್ಳಲ್ಲ.

ಆ ವರ್ಷ ಚೈತ್ರದ ಬಿಸಿಲು ಏರುತ್ತಿದ್ದಾಗ ಕಾರ್ಯದರ್ಶಿ ಝೊಂಟುದಾ ಅವನನ್ನು ಕರೆದ. ಎಲ್ಲರಿಗೂ ದಾದಾ, ಎಂದರೆ ಅಣ್ಣ; ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ.

"ನೋಡೋ ಸುಬಲ, ಈಗಿನ ಹುಡುಗ್ರಿಗೆ ಸ್ಪೇನ್ ಕ್ಲಬ್ಬಿನ ಅಡುಗೆಯವನ ಹೆಸರು ಬೇಕಾದ್ರೂ ಗೊತ್ತು, ನಮ್ಮ ಕ್ಲಬ್ಬು ಕಟ್ಟಿದ್ದು ಯಾರು ಅಂತ ಗೊತ್ತಿಲ್ಲ. ಈ ಸಲ ಹೊಸ ವರ್ಷದ ಬಾರ್ ಪೂಜೆ ಸಂಚಿಕೇಲಿ ಒಂದು ಪಟ್ಟಿ ಹಾಕೋಣ. ನಮ್ಮ ಚರಿತ್ರೆ ತಿಳ್ಕೋಬೇಕಾದ್ರೆ ಯಾವ್ಯಾವ ಪುಸ್ತಕ ಓದ್ಬೇಕು ಅಂತ. ಒಂದೊಂದ್ರ ಕೆಳಗೂ ನಿನ್ನ ಎರಡು ಮಾತು."

"ಎಷ್ಟು ಪುಸ್ತಕ ದಾದಾ?"

"ಹತ್ತು."

"ಇರೋದೇ ಮೂರು."

"ಮೂರಾ? ಪಕ್ಕದ ಡೇರೆಯವರ ಹತ್ರ ಬೀರು ತುಂಬ ಪುಸ್ತಕ ಇದೆ ಕಣೋ! ಐದಾದ್ರೂ ಮಾಡು, ಮರ್ಯಾದೆ ಉಳಿಸು. ಪೂಜೆ ದಿನ ಅವನ್ನೆಲ್ಲ ಮೇಜಿನ ಮೇಲೂ ಜೋಡಿಸ್ಬೇಕು."

ಸುಬಲ ಐದು ಮಾಡಿದ. ಸುವರ್ಣ ಮಹೋತ್ಸವದ ಸಂಚಿಕೆ ಒಂದು. ಹಳೆಯ ತರಬೇತುದಾರನೊಬ್ಬನ ನೆನಪುಗಳು ಒಂದು. ಮೈದಾನದ ಆಟಗಳ ಬಗ್ಗೆ ಬಂದ ದಪ್ಪ ಪುಸ್ತಕ, ಅದರಲ್ಲಿ ಅರುಣೋದಯಕ್ಕೆ ಹನ್ನೊಂದು ಪುಟ. ತಾನೇ ಅಂಟಿಸಿ ಕಟ್ಟಿದ ಪತ್ರಿಕೆ ತುಣುಕುಗಳ ಸಂಪುಟ, ಅದನ್ನು ಪುಸ್ತಕ ಎನ್ನಬಹುದೇ ಎಂದು ಎರಡು ದಿನ ಯೋಚಿಸಿ ಸೇರಿಸಿದ. ಮತ್ತು ಎಲ್ಲಕ್ಕಿಂತ ಮೇಲೆ, ಒಂದನೆಯ ಸ್ಥಾನದಲ್ಲಿ, 'ಅರುಣೋದಯದ ನಲವತ್ತು ವರ್ಷ'. ಬರೆದವರು ಅಂದಿನ ಕಾರ್ಯದರ್ಶಿ ಅಘೋರನಾಥ ಲಾಹಿರಿ. 1969ರಲ್ಲಿ ಮುನ್ನೂರು ಪ್ರತಿ ಅಚ್ಚಾಗಿತ್ತು. ಲಾಹಿರಿ ಸತ್ತು ಎಷ್ಟೋ ಕಾಲವಾಗಿತ್ತು. ಪುಸ್ತಕದ ಹೆಸರು ಎಲ್ಲರ ಬಾಯಲ್ಲಿತ್ತು. ಪ್ರತಿ ಇದ್ದದ್ದು ಸುಬಲನ ಬಳಿ ಮಾತ್ರ.

ಈಗ ಅವನ ಗುಟ್ಟನ್ನು ಹೇಳಬೇಕು. ಆ ಪುಸ್ತಕದ ನೂರೆಪ್ಪತ್ತಾರು ಪುಟಗಳಲ್ಲಿ ಸುಬಲ ಓದಿದ್ದು ನಲವತ್ತೆಂಟು.

ಹಳೆಯ ಕಾಲದ ಸಣ್ಣ ಅಚ್ಚುಕೂಟಗಳು ಅಂಚು ಕತ್ತರಿಸದೆ ಪುಸ್ತಕ ಮಾರುತ್ತಿದ್ದವು. ಹದಿನಾರು ಪುಟದ ಒಂದೊಂದು ಹಾಳೆಯೂ ಮಡಿಸಿದಂತೆಯೇ ಇರುತ್ತಿತ್ತು. ಓದುವವನು ಚೂರಿ ಹಿಡಿದು ಮಡಿಕೆ ಸೀಳಿಕೊಂಡೇ ಮುಂದೆ ಹೋಗಬೇಕು. ಕಾಲೇಜ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಇಪ್ಪತ್ತನಾಲ್ಕು ವರ್ಷದ ಹಿಂದೆ ಅದು ಸಿಕ್ಕಾಗ ಸುಬಲ ಮೂರು ಮಡಿಕೆ ಸೀಳಿದ. ಕ್ಲಬ್ಬು ಹುಟ್ಟಿದ ಕಥೆ ಅಷ್ಟರಲ್ಲಿ ಮುಗಿದಿತ್ತು. ನಾಲ್ಕನೆಯದಕ್ಕೆ ಚೂರಿ ಇಡುವಾಗ ಕೈ ತಡೆಯಿತು. ಚೂರಿ ತಾಗದ ಪ್ರತಿ ಅಪರೂಪದ್ದು ಎಂದು ಕಸುಬಿನವನ ಆಸೆ ಹೇಳಿತು. ಪರೀಕ್ಷೆ ಮುಗಿಯಲಿ ಎಂದು ಅಂದುಕೊಂಡ. ಆಮೇಲೆ ಮಗಳ ಜ್ವರ, ಆಮೇಲೆ ಅಂಗಡಿಯ ಬಾಡಿಗೆ ತಕರಾರು. ಕೊನೆಗೆ ಅದು ಕಪಾಟಿನಲ್ಲಿ ಕೂತುಬಿಟ್ಟಿತು. ಎಲ್ಲರೂ ಅವನು ಓದಿದ್ದಾನೆಂದೇ ನಂಬಿದ್ದರು. ನಂಬಿಕೆ ಹಳೆಯದಾದಂತೆ ಅವನೇ ಅದನ್ನು ಅರ್ಧ ನಂಬತೊಡಗಿದ್ದ. "ತೆರೆಯೋಕೇ ಆಗದ ಪುಸ್ತಕಾನ ವರ್ಷಕ್ಕೊಂದ್ಸಲ ಧೂಳು ಹೊಡೆದು ಇಡ್ತೀರಲ್ಲ, ಅದೇನು ಸಾಲಿಗ್ರಾಮಾನಾ?" ಎಂದು ಹೆಂಡತಿ ಮಿನತಿ ಕೇಳಿದ್ದೂ ಉಂಟು.

ಪಟ್ಟಿಗೆ ಎರಡು ಮಾತು ಬರೆಯುವಾಗ ಅವನು ಪರಿವಿಡಿ ನೋಡಿದ. 'ಅರವತ್ತರ ದಶಕ: ನಮ್ಮ ಗೋಲು ಕಾದವರು' ಎಂಬ ಅಧ್ಯಾಯವಿತ್ತು. ಬರೆದ: "ಸಂಘದ ಚರಿತ್ರೆಗೆ ಇದೇ ತಾಯಿಬೇರು. ಹಿರಿಯರಾದ ನಿರಾಪದ ಸರ್ಖೇಲರು ಗೋಲು ಕಾಯುತ್ತಿದ್ದ ದಿನಗಳ ಸಂಪೂರ್ಣ, ನಿಷ್ಪಕ್ಷಪಾತ ವಿವರ ಇಲ್ಲಿದೆ. ಎಲ್ಲರೂ ಓದಲೇಬೇಕು." ನಿಷ್ಪಕ್ಷಪಾತ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಈಗಲಾದರೂ ಸೀಳಿ ಓದಬೇಕು ಎನ್ನಿಸಿತು. ಆದರೆ ಬಂಗಾಳಿ ಹೊಸ ವರ್ಷಕ್ಕೆ ಮುಂಚಿನ ಹದಿನೈದು ದಿನ ಬೈಂಡಿಂಗಿನವನಿಗೆ ಉಸಿರಾಡಲು ಬಿಡುವಿರುವುದಿಲ್ಲ. ನಾಲ್ಕು ಸಾವಿರ ಪಂಚಾಂಗ ಹೊಲಿಗೆಗೆ ಬಿದ್ದಿತ್ತು. ಪಟ್ಟಿ ಅಚ್ಚಿಗೆ ಹೋಯಿತು.

ಪೊಯ್ಲಾ ಬೈಶಾಖ, ಅಂದರೆ ಆ ಹೊಸ ವರ್ಷದ ಮೊದಲ ದಿನ, ಬೆಳಗ್ಗೆ ಮೈದಾನದ ಎಲ್ಲ ಕ್ಲಬ್ಬುಗಳಲ್ಲೂ ಬಾರ್ ಪೂಜೆ. ಹೊಸದಾಗಿ ಬಣ್ಣ ಬಳಿದ ಗೋಲು ಕಂಬಗಳಿಗೆ ಸಿಂಧೂರದ ಸ್ವಸ್ತಿಕ ಬರೆದು, ಮೇಲಿನ ಅಡ್ಡಪಟ್ಟಿಯನ್ನು, ಅಂದರೆ ಬಾರನ್ನು, ಎರಡು ಮಣೆಗಳ ಮೇಲೆ ಮಲಗಿಸಿ ಪೂಜಿಸುತ್ತಾರೆ. ಅರುಣೋದಯದ ಪದ್ಧತಿ ಏನೆಂದರೆ, ಪುರೋಹಿತನ ಮಂತ್ರ ಮುಗಿದ ಮೇಲೆ ಬದುಕಿರುವ ಆಟಗಾರರಲ್ಲಿ ಎಲ್ಲರಿಗಿಂತ ಹಿರಿಯನು ಅಡ್ಡಪಟ್ಟಿಗೆ ಹಾರ ಹಾಕಬೇಕು. ಆಮೇಲೆಯೇ ಅದನ್ನು ಕಂಬಗಳ ಮೇಲೆ ಏರಿಸುವುದು. ಆ ಸಲ ಸರದಿ ನಿರಾಪದ ಸರ್ಖೇಲರದು. ಹೋದ ವರ್ಷದವರೆಗೂ ಅವರಿಗಿಂತ ಹಿರಿಯರೊಬ್ಬರು ಇದ್ದರು.

ಕ್ಲಬ್ಬಿನವರೆಲ್ಲ ಜೇಠು, ಎಂದರೆ ದೊಡ್ಡಪ್ಪ, ಎಂದು ಕರೆಯುವ ಎಪ್ಪತ್ತೆಂಟರ ನಿರಾಪದರು ಗರಿಮುರಿಯಾದ ಧೋತಿ ಉಟ್ಟು, ಮಗಳು ಶೇಫಾಲಿಯ ತೋಳು ಹಿಡಿದು ಬಂದರು. ಕಣ್ಣಿಗೆ ಪೊರೆ, ಆದರೆ ಅಂಗೈಗಳು ಇನ್ನೂ ಊಟದ ತಟ್ಟೆಯಷ್ಟು ಅಗಲ. ಶೇಫಾಲಿ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಅವಳ ಕೈಯಲ್ಲಿ ಸಂಚಿಕೆ ಇತ್ತು, ಸುಬಲ ಬರೆದ ಪುಟಕ್ಕೆ ಬೆರಳಿಟ್ಟಿದ್ದಳು.

"ಸುಬಲದಾ, ಬಾಬಾ ಬಗ್ಗೆ ಬರ್ದಿದಾರಂತಲ್ಲ, ಎಲ್ಲಿದೆ ಆ ಪುಸ್ತಕ? ನಿನ್ನೆಯಿಂದ ಇವರಿಗೆ ನಿದ್ದೆ ಇಲ್ಲ. ಈಗ್ಲೇ ಓದಿ ಹೇಳ್ಬೇಕಂತೆ, ಹಾರ ಹಾಕೋಕೆ ಮುಂಚೆ."

"ನಿದ್ದೆ ಇಲ್ದೆ ಇರೋದು ಸೊಳ್ಳೆಯಿಂದ" ಎಂದರು ನಿರಾಪದ. ಆದರೆ ಮುಖ ಅರಳಿತ್ತು.

ಮೇಜಿನ ಮೇಲೆ ಐದೂ ಪುಸ್ತಕಗಳು ಹಳದಿ ಬಟ್ಟೆಯ ಮೇಲೆ ಕೂತಿದ್ದವು. ಶೇಫಾಲಿ ಕೈ ಚಾಚುವ ಮೊದಲೇ ಸುಬಲ 'ನಲವತ್ತು ವರ್ಷ'ವನ್ನು ಎತ್ತಿಕೊಂಡ. ಅವಳು ತೆರೆದರೆ ಮಡಿಕೆಗಳು ಕಾಣುತ್ತವೆ. ಪುಸ್ತಕ ಕಟ್ಟುವವನ ಪುಸ್ತಕ, ಮುಚ್ಚಿದ ಪುಟ!

"ಒಂದ್ನಿಮಿಷ ದೀದಿ, ಧೂಳಿದೆ. ಒರೆಸ್ಕೊಂಡು ತರ್ತೀನಿ."

ಡೇರೆಯ ಬದಿಯ ಕ್ಯಾಂಟೀನಿನ ಕಟ್ಟೆಯ ಮೇಲೆ ಮಾಲಿ ಕಾರ್ತಿಕ ಬೆಹೆರಾ ಪ್ರಸಾದಕ್ಕೆ ಸೌತೆಕಾಯಿ ಹೆಚ್ಚುತ್ತಿದ್ದ. ನೀರು ತುಂಬಲು ಅವನು ಆ ಕಡೆ ಹೋದದ್ದೇ ಸುಬಲ ಅವನ ಚಾಕು ಎತ್ತಿಕೊಂಡ. ಇಪ್ಪತ್ತನಾಲ್ಕು ವರ್ಷ ಉಳಿಸಿಕೊಂಡ ಮಡಿಕೆಗಳನ್ನು ಎರಡು ನಿಮಿಷದಲ್ಲಿ ಸೀಳಿದ. ಅವಸರಕ್ಕೆ ಒಂದೆರಡು ಕಡೆ ಅಂಚು ಹರಿಯಿತು. ಸೀಳಿದ್ದರಲ್ಲಿ ಒಂದು ಅಕ್ಷರವನ್ನೂ ಓದಲಿಲ್ಲ, ಓದಲು ಹೊತ್ತಿರಲಿಲ್ಲ. ಕಾಗದದ ನಾರನ್ನು ಧೋತಿಯಿಂದ ಕೊಡವಿ ಓಡಿಬಂದ.

ಶೇಫಾಲಿ ಅಧ್ಯಾಯ ಹುಡುಕಿ ನಿಂತಲ್ಲೇ ಓದತೊಡಗಿದಳು. ಸುತ್ತ ಹದಿನೈದಿಪ್ಪತ್ತು ಜನ ಸೇರಿದರು. ಮೊದಲ ಒಂದು ಪುಟ ಹೊಗಳಿಕೆಯೇ. "ಸರ್ಖೇಲರ ಕೈಗೆ ಬಿದ್ದ ಚೆಂಡು ಬ್ಯಾಂಕಿನಲ್ಲಿಟ್ಟಂತೆ" ಎಂಬಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ ತಿರುವಿದ ಮೇಲೆ ಅವಳ ದನಿ ತಡವರಿಸಿತು. ನಿಂತಿತು.

"ಯಾಕಮ್ಮ?"

"ಅಷ್ಟೇ ಬಾಬಾ. ಮುಗೀತು."

"ಉಸಿರು ಎಳ್ಕೊಂಡೋಳು ಮುಗೀತು ಅಂತೀಯಲ್ಲ. ಓದು."

"ಬೇಡ ಬಾಬಾ."

"ಸುಬಲ ನಿಷ್ಪಕ್ಷಪಾತ ಅಂತ ಬರ್ದಿದಾನೆ. ಓದು, ಜೋರಾಗಿ."

ಅವಳು ಓದಿದಳು. ಮಕ್ಕಳಿಗೆ ಪಾಠ ಓದುವ ದನಿಯಲ್ಲಿ, ಏರಿಳಿತವಿಲ್ಲದೆ: "1963ರ ಆ ಸಂಜೆ ಶಿಬ್‌ಪುರ ಯುವಕ ವೃಂದದ ಎದುರು ಕೊನೆಯ ನಿಮಿಷದಲ್ಲಿ ಬಂದ ಚೆಂಡನ್ನು ಎಳೆಯ ಮಗುವೂ ತಡೆಯಬಹುದಿತ್ತು. ನಿರಾಪದ ಸರ್ಖೇಲ್ ಕದಲಲಿಲ್ಲ. ನಾವು ಕೆಳಗಿನ ವಿಭಾಗಕ್ಕೆ ಬಿದ್ದೆವು. ನಾಲ್ಕೇ ತಿಂಗಳಲ್ಲಿ ಅವರಿಗೆ ಯುವಕ ವೃಂದದ ಪೋಷಕರೊಬ್ಬರ ಗೋದಾಮಿನಲ್ಲಿ ನೌಕರಿ ಸಿಕ್ಕಿತು. ಓದುಗರು ತಾವೇ ತೀರ್ಮಾನಿಸಲಿ."

ಪಕ್ಕದ ಡೇರೆಯ ಶಂಖ ಕೇಳಿಸಿತು. ಅದೇ ಗೋದಾಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿರಾಪದರು ಮಗಳನ್ನು ಓದಿಸಿದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಿರಾಪದರು ಕೈ ನೀಡಿ ಪುಸ್ತಕ ಇಸಿದುಕೊಂಡರು. ಕಣ್ಣಿಗೆ ಹತ್ತಿರ ತಂದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ಕೇಳಿದರು:

"ಸುಬಲ, ನೀನು ಇದನ್ನ ಪೂರ್ತಿ ಓದಿದ್ದೀಯಲ್ವಾ?"

ಎಲ್ಲರೂ ಅವನ ಕಡೆ ತಿರುಗಿದರು. ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಸುಬಲನಿಗೆ ತನ್ನ ಬಾಯಿ ತೆರೆದದ್ದು ಗೊತ್ತಾಯಿತು.

"ಓದಿದೀನಿ ಜೇಠು."

"ಸರಿ" ಎಂದರು ನಿರಾಪದ. "ಝೊಂಟು, ಹಾರ ಬೇರೆ ಯಾರ ಕೈಲಾದ್ರೂ ಹಾಕಿಸು. ಶೇಫು, ಮನೆಗೆ ನಡಿ."

"ಜೇಠು, ಎಲ್ಲಾದ್ರೂ ಉಂಟಾ! ಯಾವನೋ ಯಾವ ಕಾಲದಲ್ಲೋ ಬರ್ದಿದ್ದು..." ಎಂದು ಝೊಂಟುದಾ ಹಿಂದೆಯೇ ಹೋದ. ಅವರು ತಿರುಗಿ ನೋಡಲಿಲ್ಲ. ಹಾರವನ್ನು ಕೊನೆಗೆ ಝೊಂಟುದಾನೇ ಹಾಕಿದ. ಅಡ್ಡಪಟ್ಟಿ ಮೇಲೇರುವಾಗ ಹೂವು ಉದುರಿದ್ದನ್ನು ನೋಡಿ ಯಾರೋ ಲೊಚಗುಟ್ಟಿದರು. ಮತ್ತೊಬ್ಬರು ಸುಬಲನ ಕಿವಿಯಲ್ಲಿ, "ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ ನೀನು, ಭಾರೀ ಮನುಷ್ಯ ಕಣಯ್ಯ" ಎಂದರು. ಅದು ಮೆಚ್ಚುಗೆಯಾಗಿತ್ತು. ಸುಬಲನಿಗೆ ನೆಲ ಬಾಯ್ದೆರೆಯಬಾರದೇ ಎನ್ನಿಸಿತು.

ಮನೆಯಲ್ಲಿ ಹಬ್ಬದ ಅಡುಗೆ. ಮಿನತಿ ಬಡಿಸಿದ ಪೂರಿಯಂಥ ಲೂಚಿಯನ್ನು ಅವನು ತಟ್ಟೆಯಲ್ಲೇ ಚೂರು ಮಾಡುತ್ತ ಕೂತ. "ಏನಾಯ್ತು, ಯಾರಾದ್ರೂ ಹೋದ್ರಾ?" ಎಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಮಿನತಿ ಬಯ್ಯುವಳೆಂದು ಕಾದ. ಅವಳು ಬಯ್ಯಲಿಲ್ಲ. "ಕೈ ತೊಳ್ಕೊಂಡು ಹೋಗಿ ಬನ್ನಿ" ಎಂದಳಷ್ಟೆ. ಎಲ್ಲಿಗೆಂದು ಹೇಳುವ ಅಗತ್ಯ ಇರಲಿಲ್ಲ.

ನಾಲ್ಕು ಗಂಟೆಯ ಬಿಸಿಲಿನಲ್ಲಿ ಸುಬಲ ಸರ್ಖೇಲರ ಓಣಿ ಹೊಕ್ಕ. ಶೇಫಾಲಿ ಬಾಗಿಲು ತೆರೆದು, ಅವನ ಮುಖ ನೋಡಿ, ಬಾಗಿಲನ್ನು ಹಾಗೇ ಬಿಟ್ಟು ಒಳಗೆ ಹೋದಳು. ನಿರಾಪದರು ಹಜಾರದ ಮಂಚದ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ಪುಸ್ತಕ ಪಕ್ಕದಲ್ಲಿತ್ತು, ಬೆಳಗ್ಗೆ ಕೈಯಲ್ಲಿ ಹಿಡಿದೇ ಬಂದಿದ್ದರು.

ಸುಬಲ ಕೂರಲಿಲ್ಲ. ನಿಂತೇ ಹೇಳಿದ.

"ಜೇಠು, ನಾನು ಓದಿರ್ಲಿಲ್ಲ. ನಲವತ್ತೆಂಟು ಪುಟ ಅಷ್ಟೆ. ಉಳಿದಿದ್ದು ಇವತ್ತು ಬೆಳಗ್ಗೆ..."

"ಸೌತೆಕಾಯಿ ಹೆಚ್ಚೋ ಚಾಕೂಲಿ ಸೀಳಿದೆ."

ಸುಬಲ ಪುಸ್ತಕದ ಕಡೆ ನೋಡಿದ.

"ಕಣ್ಣು ಹೋಗಿದೆ, ಮೂಗು ಹೋಗಿಲ್ಲ ಕಣೋ. ಹಳೇ ಪುಸ್ತಕ ಮುಗ್ಗಲು ವಾಸನೆ ಬರ್ಬೇಕು. ಇದು ಪ್ರಸಾದದ ವಾಸನೆ ಬರ್ತಿತ್ತು. ಅಂಚು ಮುಟ್ಟಿದ್ರೆ ತೇವ."

"ಹಾಗಾದ್ರೆ ಗೊತ್ತಿದ್ದೂ ಕೇಳಿದ್ರಾ?"

"ಇನ್ನೇನು ಮಾಡ್ಲಿ? ನೀನು ಇಲ್ಲ ಅಂತೀಯೇನೋ ಅಂತ ಕಾದೆ. ಇಲ್ಲ ಅಂದಿದ್ರೆ ಆ ಹಾರ ನಾನೇ ಹಾಕ್ತಿದ್ದೆ. ಓದಿದೀನಿ ಅಂದುಬಿಟ್ಟೆ. ಓದ್ದೋನು, ಪಂಡಿತ, ಎಲ್ಲಾ ತೂಗಿ ನೋಡಿ ನಿಷ್ಪಕ್ಷಪಾತ ಅಂತ ಮುದ್ರೆ ಒತ್ತಿದೆ. ಲಾಹಿರಿ ಒಬ್ಬನೇ ಹೇಳಿದ್ರೆ ಅದು ಲಾಹಿರಿ ಮಾತು. ನೀನು ಸೇರಿದ್ ಮೇಲೆ ಅದು ಕ್ಲಬ್ಬಿನ ಮಾತಾಯ್ತು."

ಸುಬಲ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಇಲ್ಲಿ ಬಂದು ಹೇಳೋದು ಸುಲಭ. ಸುಳ್ಳು ಹೇಳಿದ್ದು ಎಲ್ಲಿ?"

"ಡೇರೇಲಿ."

"ಹಂಗಾದ್ರೆ ಅಲ್ಲಿ ಹೇಳು."

ಸುಬಲ ತಲೆಯಾಡಿಸಿದ. ಹೊರಡಬೇಕಿತ್ತು. ಆದರೆ ಹುಟ್ಟಾ ಸಂಶಯದ ಮನುಷ್ಯ ಅವನು. ಹೊಸಿಲ ಹತ್ತಿರ ನಿಂತು ಕೇಳಿಬಿಟ್ಟ. "ಜೇಠು, ಆ ಚೆಂಡು..."

ನಿರಾಪದರು ರೇಡಿಯೋ ಸದ್ದು ಕಡಿಮೆ ಮಾಡಿದರು.

"ಬಿಸಿಲು ನನ್ನ ಎದುರಿಗಿತ್ತು ಅಂತ ಲಾಹಿರಿ ಬರ್ದಿದಾನಾ?"

"ಇಲ್ಲ."

"ಮಳೆ ಬಂದು ಗೋಲಿನ ಮುಂದೆಲ್ಲ ಕೆಸರಾಗಿತ್ತು ಅಂತ?"

"ಇಲ್ಲ ಜೇಠು."

"ಮತ್ತೆ ಏನ್ ಬರ್ದಿದಾನೆ ಅವನು!" ಎಂದು ಹೇಳಿ, ಪುಸ್ತಕವನ್ನು ಅವನ ಕಡೆ ಚಾಚಿ ಕೊಟ್ಟು, ಸದ್ದನ್ನು ಮತ್ತೆ ಏರಿಸಿದರು.

ಮರುದಿನ ಬೆಳಗ್ಗೆ ಆರೂವರೆಗೆ, ಅಭ್ಯಾಸ ಮುಗಿಸಿದ ಆಟಗಾರರೂ ಹಳೆಯ ಸದಸ್ಯರೂ ಕ್ಯಾಂಟೀನಿನ ಮುಂದೆ ಸ್ಟ್ಯೂ ಟೋಸ್ಟಿಗೆ ಕಾದಿದ್ದಾಗ ಸುಬಲ ಹೋಗಿ ಗೋಲಿನ ಪಕ್ಕ ನಿಂತ. ಒಣಗಿದ ಹಾರ ಮೇಲೆ ನೇತಾಡುತ್ತಿತ್ತು. ಅವನು ಕೂಗಿ ಕರೆಯುವವನಲ್ಲ. ಎಲ್ಲರೂ ತಿರುಗಿ ನೋಡಲು ಸ್ವಲ್ಪ ಹೊತ್ತು ಹಿಡಿಯಿತು.

"ನಿನ್ನೆ ನಾನು ಸುಳ್ಳು ಹೇಳಿದೆ" ಎಂದ. "ಆ ಪುಸ್ತಕ ನಾನು ಓದಿರ್ಲಿಲ್ಲ. ನಿಷ್ಪಕ್ಷಪಾತ ಅಂತ ಬರ್ದಿದ್ದು ಊಹೆ. ಪುಟ ಸೀಳಿದ್ದೇ ನಿನ್ನೆ, ಈ ಕ್ಯಾಂಟೀನಿನ ಕಟ್ಟೆ ಮೇಲೆ, ಕಾರ್ತಿಕನ ಚಾಕೂಲಿ. ಲಾಹಿರಿ ಮಾತಿಗೆ ನನ್ನ ಸಾಕ್ಷಿ ಇಲ್ಲ. ನಿರಾಪದ ಜೇಠು ಹತ್ರ ನಾನು... ಎಲ್ಲರ ಹತ್ರಾನೂ ಕ್ಷಮೆ ಕೇಳ್ತೀನಿ."

ಮೊದಲು ಬಾಯಿಬಿಟ್ಟವನು ಕಾರ್ತಿಕ.

"ನನ್ನ ಚಾಕೂಲಾ? ಅದಕ್ಕೇ ನಿನ್ನೆ ಸೌತೆಕಾಯೀಲಿ ಕಾಗದದ ನಾರು! ಪುರೋಹಿತರು ನನ್ನ ಜನ್ಮ ಜಾಲಾಡಿಬಿಟ್ರು ಬಾಬು!"

ನಗು ಒಡೆಯಿತು. ಬ್ಯಾಕ್ ಆಡುವ ಹುಡುಗನೊಬ್ಬ, "ಪಂಡಿತರೇ, ಉಳಿದ ನಾಲ್ಕು ಯಾವ ತರಕಾರಿ ಚಾಕೂಲಿ ಸೀಳಿದ್ರಿ?" ಎಂದ. ಝೊಂಟುದಾ ಮಾತ್ರ ನಗಲಿಲ್ಲ. ಹಣೆ ಒತ್ತಿಕೊಂಡು, "ಐದು ಮಾಡು ಅಂತ ನಾನೇ ಪಟ್ಟು ಹಿಡಿದು ಕೂತೆ" ಎಂದ. ಆಮೇಲೆ ತಟ್ಟೆ ಮುಂದೆ ತಳ್ಳಿ, "ಟೋಸ್ಟ್ ತಿನ್ನೋ, ಆರೋಗುತ್ತೆ" ಎಂದ. ಸುಬಲ ತಿಂದ. ಅವನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ತಿಂದದ್ದು ಬೇರೆ ಇಲ್ಲ.

ಅಂದಿನಿಂದ ಅವನ ಹೆಸರು 'ನಲವತ್ತೆಂಟು ಪುಟದ ಪಂಡಿತ'. ಕ್ಯಾಪ್ಟನ್ ಯಾರು, ಹಳದಿ ಪಟ್ಟಿ ಯಾವಾಗ ಎಂದು ಜಗಳ ಎದ್ದರೆ ಈಗಲೂ ಅವನನ್ನು ಕೇಳುತ್ತಾರೆ. ಉತ್ತರ ಬಂದ ಮೇಲೆ ಯಾರಾದರೊಬ್ಬರು, "ಓದಿದ್ದೋ, ಹೆಚ್ಚಿದ್ದೋ?" ಎನ್ನುವುದು ತಪ್ಪಿಲ್ಲ. ಅವನು ತಲೆ ತಗ್ಗಿಸುತ್ತಾನೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಪಟ್ಟಿ ಮತ್ತೆ ಬಂತು. ಈ ಸಲ ಒಂದೊಂದು ಪುಸ್ತಕದ ಕೆಳಗೂ ಯಾವ ಪುಟದಿಂದ ಯಾವ ಪುಟದವರೆಗೆ ತಾನು ಓದಿದ್ದೇನೆಂದು ಬರೆದಿದ್ದ. ದಪ್ಪ ಪುಸ್ತಕದ ಕೆಳಗೆ "ಹನ್ನೊಂದು ಪುಟ ಮಾತ್ರ" ಎಂದಿತ್ತು. 'ನಲವತ್ತು ವರ್ಷ'ದ ಕೆಳಗೆ: "ಪೂರ್ತಿ ಓದಿದ್ದೇನೆ, ಮೂರು ಸಲ. ನೂರ ಹದಿಮೂರನೆಯ ಪುಟದ ಮಾತು ಬರೆದವರೊಬ್ಬರದೇ." ಎಲ್ಲರೂ ಓದಲೇಬೇಕು ಎಂಬುದು ಯಾವುದರ ಕೆಳಗೂ ಇರಲಿಲ್ಲ.

ಆ ವರ್ಷ ನಿರಾಪದರು ಬಂದು ಹಾರ ಹಾಕಿದರು. ಸುಬಲನ ಜೊತೆ ಮಾತಾಡಲಿಲ್ಲ. ಹಾರ ಹಾಕಿ ಏಳುವಾಗ ಅವನ ಹೆಗಲು ಹಿಡಿದುಕೊಂಡರು. ಹತ್ತಿರ ಇದ್ದವನು ಅವನೇ ಎಂಬ ಕಾರಣಕ್ಕೋ ಏನೋ. ಮರು ಚಳಿಗಾಲದಲ್ಲಿ ತೀರಿಕೊಂಡರು.

ಸುಬಲ ಆಮೇಲೆ ಗ್ರಂಥಾಲಯಗಳಲ್ಲಿ ಕೂತು 1963ರ ಪತ್ರಿಕೆಗಳನ್ನು ಹುಡುಕಿದ. ಆ ಪಂದ್ಯದ ಬಗ್ಗೆ ಸಿಕ್ಕದ್ದು ಮೂರು ಸಾಲು: ಎರಡು ತಂಡದ ಹೆಸರು, ಗೋಲು ಹೊಡೆದವನ ಹೆಸರು, ಒಂದು-ಸೊನ್ನೆ. ಗೋಲು ಕಾದವನ ಹೆಸರಿಲ್ಲ. ಚೆಂಡು ಬಂದಾಗ ಅವರು ಕದಲಲಿಲ್ಲವೋ, ಕದಲಲಾಗಲಿಲ್ಲವೋ, ಲಾಹಿರಿ ಕಂಡದ್ದನ್ನು ಬರೆದರೋ, ಕೇಳಿದ್ದನ್ನು ಬರೆದರೋ, ಗೊತ್ತಿಲ್ಲ. ಆ ಸಂಜೆ ಬಿಸಿಲಿತ್ತೋ ಮಳೆಯಿತ್ತೋ, ಅದೂ ಗೊತ್ತಾಗಿಲ್ಲ.